ನೆಟ್ಟಗಾದ ಬೆರಳು

ನನ್ನ ತಮ್ಮ ಲಾಂತು ಆ ದಿನ ನಿಂತು ಮಾತಾಡುವಾಗ ಅವನ ಬಲಗೈ ನನ್ನ ಮುಖದ ಮಟ್ಟದಲ್ಲಿತ್ತು. ನಾನು ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದೆ. ಹಾಗಾಗಿ ಆದದ್ದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ನಾನೇ.

ನನ್ನ ಮಗ ತಾಹಿನಾನಿಗೆ ಹೆಣ್ಣು ಕೇಳಲು ಹೋಗಿದ್ದೆವು. ಅವನೂ ಹುಡುಗಿ ಫಾರಾಳೂ ಪರಸ್ಪರ ಒಪ್ಪಿ ವರ್ಷವಾಗಿತ್ತು. ಆದರೆ ನಮ್ಮ ತಾನಾ ಪಟ್ಟಣದಲ್ಲಿ ಹುಡುಗ ಹುಡುಗಿ ಒಪ್ಪಿದರೆ ಅರ್ಧ ಕೆಲಸವೂ ಆದಂತಲ್ಲ. ಹುಡುಗನ ಕಡೆಯ ಮಾತುಗಾರ ಹುಡುಗಿಯ ಮನೆಯಲ್ಲಿ ಹಿರಿಯರ ಮುಂದೆ ನಿಂತು ಕೇಳಬೇಕು. ಆ ಕಡೆಯ ಮಾತುಗಾರ ಅವನ ಒಂದೊಂದು ಮಾತನ್ನೂ ತೂಗಿ, ತಪ್ಪಿದ್ದಲ್ಲಿ ತಡೆದು ದಂಡ ಹಾಕಬೇಕು. ಕೊನೆಗೆ ನಾವು ತಂದ ಹಣದ ಲಕೋಟೆಯನ್ನು ಆ ಮನೆಯ ಹಿರಿಯರು ಕೈಗೆತ್ತಿಕೊಳ್ಳಬೇಕು. ಹಿಂದಿನ ಕಾಲದಲ್ಲಿ ಲಕೋಟೆಯ ಜಾಗದಲ್ಲಿ ಕುರಿಯ ಸೊಂಟದ ಮಾಂಸ ಇರುತ್ತಿತ್ತು. ಹೆಸರು ಈಗಲೂ ಅದೇ. ಎತ್ತಿಕೊಂಡರೆ ಮದುವೆ. ಇಲ್ಲವಾದರೆ ತಂದವರೇ ಅದನ್ನು ಮನೆಗೆ ಒಯ್ಯಬೇಕು.

ನಾವು ಗೊತ್ತುಮಾಡಿದ್ದ ಮಾತುಗಾರನಿಗೆ ಹಿಂದಿನ ದಿನ ಗಂಟಲು ಕಟ್ಟಿತು. ಲಾಂತು ತಾನೇ ನಿಲ್ಲುತ್ತೇನೆ ಎಂದ. ಅವನು ಹೊರದೇಶದವರಿಗೆ ಊರು ತೋರಿಸುವ ಕೆಲಸದವನು. ಅರಮನೆ ಗುಡ್ಡ, ಅನೋಸಿ ಕೆರೆ, ಅನಲಾಕೆಲಿಯ ಮೆಟ್ಟಿಲು ಸಂತೆ, ಹಳೇ ರೈಲು ನಿಲ್ದಾಣ ಎಂದು ಇಪ್ಪತ್ತು ವರ್ಷದಿಂದ ದಿನವೂ ಹತ್ತಿ ಇಳಿಯುತ್ತಿದ್ದಾನೆ.

"ಅತ್ತಿಗೆ, ನಾನು ಮಾತು ಮಾರಿಯೇ ಅನ್ನ ತಿನ್ನೋನು. ಇದೇನು ದೊಡ್ಡ ವಿಷ್ಯ?" ಎಂದ.

"ಅಲ್ಲಿ ಕೇಳೋರಿಗೆ ನೀನು ಹೇಳೋದು ಸರೀನೋ ತಪ್ಪೋ ಗೊತ್ತಾಗಲ್ಲ ಕಣೋ. ಇಲ್ಲಿ ಗೊತ್ತಾಗುತ್ತೆ," ಎಂದಳು ನನ್ನ ಹೆಂಡತಿ ಹನಿತ್ರಾ.

ಆದರೂ ಅವನು ರಾತ್ರಿಯೆಲ್ಲ ತಯಾರಿ ಮಾಡಿಕೊಂಡ. ಹುಡುಗಿಯ ಮನೆತನದ ಬಗ್ಗೆ ತಾಹಿನಾನನ್ನು ಕೇಳಿ ಕೇಳಿ ತಿಳಿದುಕೊಂಡ. ಫಾರಾಳಿಗೆ ತಂದೆ ತಾಯಿ ಇಲ್ಲ, ಸಾಕಿದವಳು ಅಜ್ಜಿ ರಾಕೆತಾಕಾ. ಅಜ್ಜಿಯ ಗಂಡನ ಗೋರಿ ಊರಾಚೆ ಪಶ್ಚಿಮದ ಗುಡ್ಡದ ಮೇಲಿದೆ, ಅವರ ಜಗಲಿಯಿಂದ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಈ ಕೊನೆಯ ಸಂಗತಿ ಲಾಂತುವಿಗೆ ಬಹಳ ಹಿಡಿಸಿತು. ಮಾತಿನ ತುದಿಯಲ್ಲಿ ಇದನ್ನಿಡುತ್ತೇನೆ ಎಂದ.

ಅಂದೊಹಾಲೋ ಕೇರಿಯ ಅಜ್ಜಿಯ ಮನೆ ಹಳೇ ಇಟ್ಟಿಗೆಯದು, ಎತ್ತರ ಮತ್ತು ಇಕ್ಕಟ್ಟು. ಜಗಲಿ ಪಶ್ಚಿಮಕ್ಕೆ. ಅಜ್ಜಿ ಈಶಾನ್ಯ ಮೂಲೆಯಲ್ಲಿ, ಹಿರಿಯರು ಕೂರಬೇಕಾದ ಜಾಗದಲ್ಲಿ, ಬಿಳಿ ಶಾಲು ಹೊದ್ದು ಕೂತಿದ್ದಳು. ನಾವು ದಕ್ಷಿಣಕ್ಕೆ ಸಾಲಾಗಿ ಕೂತೆವು. ಅವರ ಮಾತುಗಾರ ರಾಜೆರಿ, ದಪ್ಪ ಕನ್ನಡಕದ ಮುದುಕ, ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡಿದ್ದ. ದಂಡ ಬೀಳುವುದು ಅದರಲ್ಲಿ.

ಲಾಂತು ಚೆನ್ನಾಗಿಯೇ ಶುರುಮಾಡಿದ. ಮೊದಲು ಕ್ಷಮೆ. ಸತ್ತವರಲ್ಲಿ ಕ್ಷಮೆ, ಕೂತ ಹಿರಿಯರಲ್ಲಿ ಕ್ಷಮೆ, ತನಗಿಂತ ಚೆನ್ನಾಗಿ ಮಾತಾಡಬಲ್ಲವರು ಸುಮ್ಮನಿರುವಾಗ ತಾನು ಎದ್ದು ನಿಂತದ್ದಕ್ಕೆ ಕ್ಷಮೆ. ರಾಜೆರಿ ಕೈ ಎತ್ತಿದ.

"ತಡೀರಿ ಬೀಗರೇ. ಕೂತೋರಲ್ಲಿ ಕ್ಷಮೆ ಕೇಳಿದ್ರಿ. ಅಡುಗೆಮನೆ ಬಾಗಿಲಲ್ಲಿ ನಿಂತೋರು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಲಾಂತು ಅವರಿಗೂ ಬಗ್ಗಿ ಕ್ಷಮೆ ಕೇಳಿದ. ನಾನು ತಟ್ಟೆಗೆ ನೋಟು ಹಾಕಿದೆ. ಇಂಥ ದಂಡ ಬೀಳಲೇಬೇಕು, ಬೀಳದಿದ್ದರೆ ಸಂಭ್ರಮವೇ ಇಲ್ಲ. ಮುಂದೆ ಇನ್ನೊಂದು ಬಿತ್ತು. ನಗು ಹೆಚ್ಚಾಯಿತು. ಲಾಂತುವಿನ ಮಾತು ಬಿಸಿಯೇರಿತು. ಅವನ ದನಿ ಬದಲಾದದ್ದನ್ನು ನಾನು ಗಮನಿಸಿದೆ: ಹಿರಿಯರ ಮುಂದಿನ ದನಿ ಹೋಗಿ, ಗುಡ್ಡದ ಮೇಲೆ ಗಾಳಿಗೆ ಎದುರಾಗಿ ಕೂಗುವ ದನಿ ಬಂದಿತ್ತು. ಅವನು ಜಗಲಿಯ ಕಡೆ ತಿರುಗಿದ.

"ಈ ಮನೆಯ ಜಗಲಿಯಿಂದ ಕೆರೆ ಕಾಣುತ್ತದೆ, ಗದ್ದೆ ಕಾಣುತ್ತದೆ. ಅಷ್ಟೇ ಅಲ್ಲ, ಈ ಮನೆಯ ಯಜಮಾನರು ಮಲಗಿರುವ ಜಾಗವೂ ಕಾಣುತ್ತದೆ. ಅಗೋ, ಅಲ್ಲಿ!"

ಬೆರಳು ನೆಟ್ಟಗೆ ಚಾಚಿತ್ತು.

ಗೋರಿಯ ಕಡೆ ತೋರಿಸುವಾಗ ನಾವು ಬೆರಳನ್ನು ಮಡಚಿ ಗೆಣ್ಣಿನಿಂದ ತೋರಿಸುತ್ತೇವೆ. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಮಗು ಒಂದು ಸಲ ಬೆರಳು ಚಾಚಿದಾಗ ಹತ್ತಿರವಿದ್ದವರು ಪಟ್ಟನೆ ಹೊಡೆಯುತ್ತಾರೆ, ಅಷ್ಟೇ. ಆಮೇಲೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನು. ಬೆರಳು ಚಾಚಿದರೆ ಅದು ಕೊಳೆತು ಬೀಳುತ್ತದೆ ಎಂದು ನಂಬುವುದಿಲ್ಲ. ಆದರೂ ಎಂದೂ ಚಾಚಿಲ್ಲ.

ರಾಜೆರಿ ದಂಡ ಕೇಳಲಿಲ್ಲ. ತಟ್ಟೆಯನ್ನು ಮೆಲ್ಲನೆ ತನ್ನ ಹಿಂದಕ್ಕೆ ಸರಿಸಿದ. ಆಗ ಲಾಂತು ತನ್ನ ಕೈಯನ್ನು ತಾನೇ ನೋಡಿಕೊಂಡ, ಬೇರೆ ಯಾರದೋ ಕೈ ನೋಡಿದ ಹಾಗೆ.

ಅಜ್ಜಿ ಎದ್ದು ಜಗಲಿಯ ಅಂಚಿಗೆ ಬಂದಳು. ಅವನ ಬೆರಳು ಚಾಚಿದ್ದ ಕಡೆಗೆ ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿದಳು. ಮುಖ ಕೆಂಪಾಗಿತ್ತು.

"ಈ ಬೆರಳಿಗೆ ಏನು ಕೆಲಸ?"

ಲಾಂತುವಿನ ಪರವಾಗಿ ನಾನು ಹೇಳಿದೆ, "ಪರದೇಶದವರಿಗೆ ಊರು ತೋರಿಸ್ತಾನೆ ಅಮ್ಮ. ಅವರಿಗೆ ಮಡಚಿದ ಬೆರಳು ಅರ್ಥ ಆಗಲ್ಲ. ಗೆಣ್ಣನ್ನೇ ನೋಡ್ತಾ ನಿಂತುಬಿಡ್ತಾರೆ. ಅಭ್ಯಾಸ ಆಗಿಹೋಗಿದೆ."

"ಅಲ್ಲಿ ಗೋರಿಗಳನ್ನೂ ಹಿಂಗೇ ತೋರಿಸ್ತಾನಾ?"

"ಇಲ್ಲ ಅಜ್ಜಿ," ಎಂದ ಲಾಂತು. ಸ್ವಲ್ಪ ತಡೆದು, "ಮೊದಮೊದಲು ಹಿಂಗೆ ತೋರಿಸ್ತಿರಲಿಲ್ಲ," ಎಂದ.

ಆ ಉತ್ತರ ನಿಜವಾದದ್ದು. ನನ್ನ ಲೆಕ್ಕದಲ್ಲಿ ಅದು ಅವನ ಇಡೀ ಭಾಷಣಕ್ಕಿಂತ ಉತ್ತಮವಾಗಿತ್ತು. ಆದರೆ ಅಂಥದ್ದಕ್ಕೆ ಅಲ್ಲಿ ಅಂಕ ಇರಲಿಲ್ಲ.

"ಲಕೋಟೆ ಮೇಜಿನ ಮೇಲೇ ಇರಲಿ," ಎಂದಳು ಅಜ್ಜಿ. "ನಾನೂ ಮುಟ್ಟಲ್ಲ, ನೀವೂ ಒಯ್ಯಬೇಡಿ. ನೀನು ಶನಿವಾರ ಬಾರೋ. ಆ ಪರದೇಶದವರಿಗೆ ತೋರಿಸೋ ಊರನ್ನ ನನಗೂ ತೋರಿಸು. ಕೆಳಗೆ ಇಳಿದು ಎಷ್ಟು ವರ್ಷ ಆಯ್ತೋ! ಮಂಡಿ ನೋವು. ಬೆರಳು ಒಂದೇ ಒಂದು ಸಲ ನೆಟ್ಟಗಾದ್ರೆ, ಸಂಜೆಗೆ ನಿಮ್ಮ ಲಕೋಟೆ ನಿಮ್ಮ ಮನೆಗೆ."

ಒಳಕೋಣೆಯಲ್ಲಿ, ಕರೆಯುವವರೆಗೂ ಹೊರಬರಬಾರದೆಂದು ಕೂರಿಸಿದ್ದ ಫಾರಾ ಅತ್ತದ್ದು ಕೇಳಿಸಿತು. ತಾಹಿನಾ ಚಾಪೆಯ ಎಳೆ ಕೀಳುತ್ತಿದ್ದ.

ಶನಿವಾರದವರೆಗೆ ನಮ್ಮ ಮನೆಯಲ್ಲಿ ಬೆರಳಿನದೇ ಮಾತು. ಊಟಕ್ಕೆ ಕೂತಾಗ ಲಾಂತು ಉಪ್ಪು ಬೇಕೆಂದು ಕೈ ಚಾಚಿದರೆ ಹನಿತ್ರಾ ಸೌಟಿನಿಂದ ತಟ್ಟುವಳು.

"ಇದು ಉಪ್ಪಿನ ಡಬ್ಬಿ ಅತ್ತಿಗೆ, ಗೋರಿ ಅಲ್ಲ!"

"ನಿನ್ನ ಬೆರಳಿಗೆ ಆ ವ್ಯತ್ಯಾಸ ಗೊತ್ತಾ?"

ತಾಹಿನಾ ನಗಲಿಲ್ಲ. "ಚಿಕ್ಕಪ್ಪ, ಬೆರಳಿಗೆ ಪಟ್ಟಿ ಕಟ್ಟಿಬಿಡ್ಲಾ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಲಾಂತು ದೊಡ್ಡ ಕೊಡೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಸಾಕ್ಷಿಯಾಗಿ ನಾನೂ ಹೋಗಬೇಕೆಂದು ಅಜ್ಜಿ ಹೇಳಿಕಳಿಸಿದ್ದಳು. ಹಾಲಿನ ಬಣ್ಣದ ಹಳೇ ರೆನೋ ಟ್ಯಾಕ್ಸಿಯಲ್ಲಿ ಅವಳನ್ನು ಮುಂದೆ ಕೂರಿಸಿದೆವು. ಡ್ರೈವರನ ಕಾಲ ಬಳಿ ಪ್ಲಾಸ್ಟಿಕ್ ಬಾಟಲಿ, ಅದರಿಂದ ಎಂಜಿನ್ನಿಗೆ ಸಣ್ಣ ಕೊಳವೆ. ಬಾಟಲಿಯಲ್ಲಿ ಪೆಟ್ರೋಲು ತಳಕ್ಕಂಟಿತ್ತು.

"ಇಳಿಜಾರೇ ತಾನೇ ಅಜ್ಜಿ, ಪೆಟ್ರೋಲ್ ಯಾಕೆ," ಎಂದು ಡ್ರೈವರ್ ಎಂಜಿನ್ ಆರಿಸಿ ಗಾಡಿಯನ್ನು ಹಾಗೇ ಬಿಟ್ಟ.

"ಹತ್ತುವಾಗ?"

"ಹತ್ತುವಾಗ ನೀವು ಪುಣ್ಯಾತ್ಮರು ಹಾಕಿಸ್ತೀರಿ."

ಕಲ್ಲು ಹಾಸಿದ ಇಳಿಜಾರಿನಲ್ಲಿ ಗಾಡಿ ಸದ್ದಿಲ್ಲದೆ ಜಾರಿತು. ಅಜ್ಜಿ ಕಿಟಕಿಗೆ ಮುಖವಿಟ್ಟಿದ್ದಳು. "ನಿನ್ನ ಕೊಡೆ ಇಲ್ಲಿ ಕೊಡು," ಎಂದು ಹಿಂದಕ್ಕೆ ಕೈ ಚಾಚಿದಳು. ಲಾಂತು ಕೊಟ್ಟ. ಅವಳು ಅದನ್ನು ತನ್ನ ಮಂಡಿಗಳ ನಡುವೆ ಇಟ್ಟುಕೊಂಡಳು. "ಈಗ ತೋರಿಸು."

ಅವನು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಹಾಕಿ, ಅವುಗಳ ಮೇಲೆ ಕೂತ. "ನಿಮ್ಮ ಉತ್ತರಕ್ಕೆ ಮೆಟ್ಟಿಲು ಸಂತೆ ಅಜ್ಜಿ. ಪೂರ್ವದ ಸಾಲಲ್ಲಿ ಕನ್ನಡಕದೋರು, ಪಶ್ಚಿಮದ ಸಾಲಲ್ಲಿ ಬೀಗ ರಿಪೇರಿಯೋರು."

ಸಂತೆಯ ತಳದಲ್ಲಿ ಇಳಿದೆವು. ದಿಕ್ಕುಗಳಲ್ಲಿ ಮಾತಾಡುವುದು ನಮಗೆಲ್ಲ ಹುಟ್ಟಿನಿಂದ ಬಂದದ್ದು. ಊಟ ಮಾಡುವವನ ಕೆನ್ನೆಗೆ ಅನ್ನದ ಅಗುಳು ಅಂಟಿದರೂ ಉತ್ತರದ ಕೆನ್ನೆ ಎನ್ನುತ್ತೇವೆ. ಹಾಗಾಗಿ ಲಾಂತುವಿಗೆ ಬಾಯಿಯೇ ಸಾಕಾಗಬೇಕಿತ್ತು. ಆದರೂ ಅವನ ಭುಜ ಪ್ರತಿ ವಾಕ್ಯಕ್ಕೂ ಎಳೆಯುತ್ತಿತ್ತು. ಬೆರಳುಗಳನ್ನು ಮುಷ್ಟಿ ಮಾಡಿ, ಮುಷ್ಟಿಯನ್ನು ಜೇಬಿಗಿಳಿಸಿ, ಹೊಲಿಗೆ ಬಿಡುವ ಹಾಗೆ ಒತ್ತಿ ಹಿಡಿದಿದ್ದ.

ಪಡ್ಡಿನಂತೆ ಗುಳಿಯಲ್ಲಿ ಬೇಯಿಸಿದ ಬಿಸಿ ಅಕ್ಕಿ ರೊಟ್ಟಿಯನ್ನು ಅಜ್ಜಿ ಕೇಳಿ ತಿಂದಳು. ಮಾರುವವಳು ಕಣ್ಣೆದುರೇ ಇದ್ದರೂ ಅಜ್ಜಿ ಮೂಗಿನ ಜಾಡು ಹಿಡಿದೇ ಹೋದಳೆಂದು ನನಗೆ ಅನಿಸಿತು. ರೈಲು ನಿಲ್ದಾಣ ನೋಡಿದೆವು. "ಗಡಿಯಾರ ಎಷ್ಟು ತೋರಿಸ್ತಿದೆ?" ಎಂದಳು. ಲಾಂತು ಹೇಳಿದ. "ನಾನು ಮದುವೆಯಾಗಿ ಬಂದಾಗಲೂ ಅದು ತಪ್ಪೇ ತೋರಿಸ್ತಿತ್ತು," ಎಂದಳು. ಅನೋಸಿ ಕೆರೆಯ ದಂಡೆಗೆ ಬಂದಾಗ ಕೇಳಿದಳು: "ಜಕರಂದ ಹೂ ಬಿಟ್ಟಿದೆಯಾ?"

ಅಕ್ಟೋಬರ್ ತಿಂಗಳು. ಕೆರೆಯ ಸುತ್ತ ಇಡೀ ದಂಡೆ ನೇರಳೆಯಾಗಿತ್ತು. ನಾವು ಆ ಮರಗಳ ಕೆಳಗೇ ನಿಂತಿದ್ದೆವು.

"ಬಿಟ್ಟಿದೆ ಅಜ್ಜಿ," ಎಂದ ಲಾಂತು. ನನ್ನ ಕಡೆ ಒಮ್ಮೆ ನೋಡಿದ. ಇಬ್ಬರಿಗೂ ಒಂದೇ ಅನುಮಾನ ಬಂದಿತ್ತು. ಹೇಳುವ ಹೊತ್ತು ಅದಾಗಿರಲಿಲ್ಲ.

ಅಜ್ಜಿ ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ಅಷ್ಟರಲ್ಲಿ ಬಿಸಿಲಿಗೆ ಕೆಂಪಾಗಿದ್ದ ದಂಪತಿಗಳಿಬ್ಬರು ನಕ್ಷೆ ಹಿಡಿದು ಬಂದರು. ಲಾಂತುವಿನ ಅಂಗಿಯ ಮೇಲಿನ ಬಿಲ್ಲೆ ನೋಡಿ ಅರಮನೆ ಎಲ್ಲಿ ಎಂದು ಕೇಳಿದರು. ಅರಮನೆ ಗುಡ್ಡದ ನೆತ್ತಿಯ ಮೇಲೆ ಎದ್ದು ಕಾಣುತ್ತಿತ್ತು, ಆದರೆ ಮರಗಳ ಸಂದಿಯಿಂದ ನೋಡಬೇಕು. ಅದರ ಅಂಗಳದಲ್ಲಿ ರಾಜರಾಣಿಯರ ಗೋರಿಗಳಿವೆ.

"ಪೂರ್ವಕ್ಕೆ," ಎಂದ ಲಾಂತು ಅವರ ಭಾಷೆಯಲ್ಲಿ.

ಗಂಡಸು ನಕ್ಷೆಯನ್ನು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಹೆಂಗಸು ಕೆರೆಯ ಕಡೆ ನೋಡಿದಳು. ಲಾಂತು ಜೇಬಿನಿಂದ ಕೈ ತೆಗೆದ. ಮೇಜಿನ ಮೇಲೆ ಮಲಗಿದ್ದ ಲಕೋಟೆ ನನ್ನ ಕಣ್ಣ ಮುಂದೆ ಬಂತು. ಕೈ ಮೇಲೇರಿತು, ಬೆರಳು ಮಡಚಿಕೊಂಡಿತು, ಗೆಣ್ಣು ಗುಡ್ಡದ ಕಡೆಗೆ ಮುಖ ಮಾಡಿತು. ಹೆಂಗಸು ಗೆಣ್ಣನ್ನೇ ನೋಡಿದಳು. ಕನಿಕರದಿಂದ ಏನೋ ಕೇಳಿದಳು.

"ಏನಂತಾಳೆ?" ಎಂದಳು ಅಜ್ಜಿ.

"ಬೆರಳಿಗೆ ಪೆಟ್ಟಾಗಿದೆಯಾ ಅಂತ ಕೇಳ್ತಿದ್ದಾಳೆ."

"ಗುಡ್ಡದ ಮೇಲೆ ಅಷ್ಟು ದೊಡ್ಡ ಮನೆ ಇದೆ. ಇವಳಿಗೆ ನಿನ್ನ ಗೆಣ್ಣು ಕಾಣಿಸ್ತಾ?"

"ದಿನಾ ಇದೇ ಕತೆ ಅಜ್ಜಿ."

"ಹೇಳು, ಮರದ ದಕ್ಷಿಣಕ್ಕೆ ನೋಡು ಅಂತ."

"ಅವರಿಗೆ ದಕ್ಷಿಣ ಗೊತ್ತಿಲ್ಲ."

"ದಕ್ಷಿಣ ಗೊತ್ತಿಲ್ವಾ?" ಅಜ್ಜಿ ಆ ಹೆಂಗಸನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಪಾಪ. ಮತ್ತೆ ಮಲಗೋವಾಗ ತಲೆ ಯಾವ ಕಡೆ ಹಾಕ್ತಾರೆ?"

ಲಾಂತು ಮತ್ತೆ ಗೆಣ್ಣು ತೋರಿಸಿದ. ಗಂಡಸು ತನ್ನ ಚೀಲದಿಂದ ಮುಲಾಮಿನ ಟ್ಯೂಬು ತೆಗೆದು ಅವನಿಗೆ ನೀಡಿದ. ಅಜ್ಜಿಗೆ ಸಹನೆ ಮೀರಿತು. ಕೊಡೆಯೂರಿ ಎದ್ದಳು. ಹೆಂಗಸಿನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಕೈಗೂಸಿನ ಮುಖ ತಿರುಗಿಸುವಂತೆ, ಮೆಲ್ಲಗೆ ಗುಡ್ಡದ ಕಡೆಗೆ ತಿರುಗಿಸಿ, ಸ್ವಲ್ಪ ಮೇಲಕ್ಕೆತ್ತಿ ಬಿಟ್ಟಳು.

"ಓ!" ಎಂದಳು ಹೆಂಗಸು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಗಂಡನ ಗಲ್ಲವನ್ನೂ ಹಾಗೆಯೇ ಹಿಡಿದು ತಿರುಗಿಸಿದಳು. ಇಬ್ಬರೂ ನಗುತ್ತ ಅಜ್ಜಿಯ ಕೈ ಕುಲುಕಿ ಹೋದರು.

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತೀಯ," ಎಂದಳು ಅಜ್ಜಿ ಕೂರುತ್ತ. "ಇಷ್ಟು ಹೊಳೀಲಿಲ್ವಾ?"

"ನಾನು ಹೆಂಗಸರ ಗಲ್ಲ ಹಿಡಿದ್ರೆ ಪೊಲೀಸಿನೋರು ನನ್ನ ಕಾಲರ್ ಹಿಡೀತಾರೆ ಅಜ್ಜಿ."

ಅಜ್ಜಿ ನಗಲಿಲ್ಲ. ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಂದದ್ದನ್ನು ಮುಚ್ಚಿದಳೋ, ಕೆಮ್ಮನ್ನೋ ನನಗೆ ತಿಳಿಯಲಿಲ್ಲ.

ಹಿಂತಿರುಗುವಾಗ ಪೆಟ್ರೋಲು ಹಾಕಿಸಿದೆವು. ಬಾಟಲಿ ತುಂಬಿತು, ಗಾಡಿ ಕೆಮ್ಮುತ್ತ ಹತ್ತಿತು. ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಮೇಜಿನ ಮೇಲೆ ಲಕೋಟೆ ಇಟ್ಟ ಹಾಗೇ ಇತ್ತು. ಪಾತ್ರೆಯ ತಳದಲ್ಲಿ ಸೀದ ಅನ್ನಕ್ಕೆ ನೀರು ಹಾಕಿ ಕುದಿಸಿ, ನಮ್ಮ ರೂಢಿಯಂತೆ ಫಾರಾ ಎಲ್ಲರಿಗೂ ಕುಡಿಯಲು ಕೊಟ್ಟಳು. ಲಾಂತುವಿಗೆ ಕೊಡುವಾಗ ಅವನ ಬಲಗೈಯನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಇಡೀ ದಿನ ಬೆರಳು ನೆಟ್ಟಗಾಗಿರಲಿಲ್ಲ.

ಅಜ್ಜಿ ಲಕೋಟೆಯ ಹತ್ತಿರ ಹೋಗಲಿಲ್ಲ. ಜಗಲಿಯ ಅಂಚಿಗೆ ಹೋಗಿ ನಿಂತಳು.

"ಇಲ್ಲಿ ಬಾರೋ. ಅವತ್ತು ತೋರಿಸಿದ್ದನ್ನ ಇನ್ನೊಂದ್ಸಲ ತೋರಿಸು."

ಲಾಂತು ಅವಳ ಹಿಂದೆ ನಿಂತು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡ. "ಪಶ್ಚಿಮಕ್ಕೆ ಸ್ವಲ್ಪ ದಕ್ಷಿಣ ಅಜ್ಜಿ. ಗದ್ದೆ ಬಯಲು ಮುಗಿದ ಮೇಲೆ ನದಿ. ನದಿಯಾಚೆ ಎರಡನೇ ಗುಡ್ಡ. ನೀಲಗಿರಿ ತೋಪಿನ ಉತ್ತರದ ಅಂಚು."

"ಅದೆಲ್ಲ ನನಗೂ ಗೊತ್ತು. ಆ ತೋಪು ನೆಟ್ಟೋರೇ ನಮ್ಮನೆಯವರು. ಬಾಯಲ್ಲಿ ಹೇಳ್ಬೇಡ, ತೋರಿಸು."

ಅವನು ಗೆಣ್ಣನ್ನು ಅವಳ ಕಣ್ಣ ಮುಂದೆ ತಂದ. ಅವಳು ಗೆಣ್ಣನ್ನೇ ನೋಡಿದಳು, ಆ ಹೆಂಗಸು ನೋಡಿದ ಹಾಗೆ.

"ಕಾಣಲ್ಲ," ಎಂದಳು. ದನಿ ತಗ್ಗಿತ್ತು, ಫಾರಾಳಿಗೆ ಕೇಳದಿರಲೆಂದೋ ಏನೋ. "ಈ ಮೂರು ನಾಲ್ಕು ವರ್ಷದಿಂದ ದೂರದ್ದು ಏನೂ ಕಾಣಲ್ಲ. ಬೆಳಿಗ್ಗೆ ಎದ್ದು ಇಲ್ಲಿ ನಿಲ್ತೀನಿ. ಇದೇ ಇರ್ಬೇಕು ಅಂತ ಒಂದು ಕಡೆ ನೋಡ್ತೀನಿ. ಅವತ್ತು ನೀನು ಅಷ್ಟು ಜೋರಾಗಿ ಅಗೋ ಅಂದೆ. ಬೆರಳಿನ ಜಾಡು ಹಿಡಿದು ನೋಡಿದೆ. ಬೆರಳಿತ್ತು, ಅದರಾಚೆ ಬರೀ ಹೊಗೆ. ನಾನು ಇಷ್ಟು ವರ್ಷ ಬೇರೆ ಗುಡ್ಡಕ್ಕೆ ಮುಖ ಮಾಡಿ ನಿಂತಿದ್ನೇನೋ ಅಂತ..." ಮಾತು ನಿಲ್ಲಿಸಿದಳು. "ಅಷ್ಟು ಜನರ ಮುಂದೆ."

ಕಣ್ಣಿನ ಪೊರೆ ಎಂದು ನನಗೆ ಆಗಲೇ ಖಾತ್ರಿಯಾಗಿತ್ತು. ತೆಗೆಯಬಹುದಾದದ್ದು. ಅದನ್ನು ಆಮೇಲೆ ಫಾರಾಳಿಗೆ ಹೇಳಿದೆ. ಆಗ ಹೇಳಲಿಲ್ಲ.

ಲಾಂತು ಕೈ ಎತ್ತಿದ, ಅರ್ಧಕ್ಕೆ ನಿಲ್ಲಿಸಿದ. ಹಿರಿಯರ ತಲೆ ಮುಟ್ಟುವುದು ಬೆರಳು ಚಾಚುವುದಕ್ಕಿಂತ ಚಿಕ್ಕ ತಪ್ಪೇನಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ, ಸತ್ತವರಿಂದ ಶುರುಮಾಡಿದ. ಸತ್ತವರಲ್ಲಿ ಕ್ಷಮೆ, ಈ ಮನೆಯ ಈಶಾನ್ಯ ಮೂಲೆಯಲ್ಲಿ ಕೂತವರಲ್ಲಿ ಕ್ಷಮೆ, ಅಡುಗೆಮನೆ ಬಾಗಿಲಲ್ಲಿ ನಿಂತವರಲ್ಲಿ...

"ಸಾಕು ಮಾರಾಯ," ಎಂದಳು ಅಜ್ಜಿ. "ಕತ್ತಲಾಗುತ್ತೆ. ತಿರುಗಿಸು."

ಅವನು ಎರಡು ಬೆರಳಿನಿಂದ ಅವಳ ಗಲ್ಲ ಹಿಡಿದ. ಅವಳ ಮುಖ ಬಹುಮಟ್ಟಿಗೆ ಸರಿಯಾದ ಕಡೆಗೇ ಇತ್ತು. ಕೂದಲೆಳೆಯಷ್ಟು ದಕ್ಷಿಣಕ್ಕೆ ಸರಿಸಿದ, ಸ್ವಲ್ಪ ಮೇಲಕ್ಕೆತ್ತಿದ, ಕೈ ತೆಗೆದ.

ಗದ್ದೆಗಳಲ್ಲಿ ನಿಂತ ನೀರು ಹೊಳೆಯುತ್ತಿತ್ತು. ನದಿಯಾಚೆ, ತೋಪಿನ ಅಂಚಿನಲ್ಲಿ, ನನಗೆ ಚುಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಜ್ಜಿ ಕತ್ತು ಅಲುಗಿಸದೆ ನಿಂತಳು.

"ಕಾಣಿಸ್ತಾ ಅಜ್ಜಿ?"

"ಇಲ್ಲ," ಎಂದಳು. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಆದ್ರೆ ನಾನು ನೋಡ್ತಿದ್ದದ್ದು ಈ ಕಡೇನೇ," ಎಂದಳು.

ಜಗಲಿಯ ಕಂಬಕ್ಕೆ ಕೊಡೆ ಒರಗಿಸಿ ಒಳಗೆ ಬಂದಳು. ಮೇಜಿನ ಮೇಲೆ ಕೈಯಾಡಿಸಿ ಲಕೋಟೆ ಹುಡುಕಿದಳು. ಫಾರಾ ಅದನ್ನು ಅವಳ ಕೈಗೆ ಸರಿಸಲು ಮುಂದಾದಳು, ನಾನು ತಡೆದೆ. ಸಿಕ್ಕಿತು. ತೆರೆದು ನೋಡದೆ ಶಾಲಿನ ಮಡಿಕೆಯೊಳಗೆ ಸೇರಿಸಿಕೊಂಡಳು.

"ಮದುವೆ ದಿನ ನಿಮ್ಮ ಕಡೆ ಮಾತಿಗೆ ಇವನು ಬೇಡ," ಎಂದಳು ನನಗೆ. "ಆ ಗಂಟಲು ಕಟ್ಟಿದೋನನ್ನೇ ಕರೆಸಿ. ಇವನು ನನ್ನ ಪಕ್ಕ ಕೂರಲಿ. ಯಾರ್ಯಾರು ಬಂದ್ರು ಅಂತ ತೋರಿಸೋಕೆ ಒಬ್ಬ ಬೇಕು."